ಶಾರ್ಜಾದಿಂದ ಮೂರೂವರೆ ಗಂಟೆ: ನಾವು ಜಾರ್ಜಿಯಾದ ಗುಡೌರಿಯನ್ನು ಆರಿಸಿಕೊಂಡ ಬಗೆ

ಸ್ಕೀಯಿಂಗ್ ಕಲಿಯಲೇಬೇಕು ಅನ್ನುವ ಹಟ ನಮ್ಮನೆಯವರದ್ದು. ಅದಕ್ಕೆ ಜಾಗ ಹುಡುಕುವ ಕೆಲಸ ನನ್ನ ತಲೆಗೆ ಬಂತು. ನಾವಿರುವುದು ಶಾರ್ಜಾದಲ್ಲಿ. ನಾನು ಕುಂದಾಪುರದ ಕಡೆಯವಳು, ಅವರು ಶಿವಮೊಗ್ಗದವರು. ಮಳೆ ಇಬ್ಬರಿಗೂ ಬೇಕಾದಷ್ಟು ಗೊತ್ತು, ಹಿಮ ಕಂಡವರಲ್ಲ. ಮಗಳಿಗೆ ಹನ್ನೊಂದು, ಮಗನಿಗೆ ಏಳು. ಮಕ್ಕಳಿಗೆ ಇದೇ ಸರಿಯಾದ ವಯಸ್ಸು, ಇನ್ನೂ ತಡ ಮಾಡಿದರೆ ನಮ್ಮ ಮೊಣಕಾಲು ಮಾತು ಕೇಳಲ್ಲ ಅಂತ ಅವರ ವಾದ. ಅದೇನೋ ಸರಿಯೇ.

ಮೊದಲು ನೋಡಿದ್ದು ಎಲ್ಲರೂ ನೋಡುವ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ. ಒಂದೇ ಸಂಜೆಯಲ್ಲಿ ಆ ಆಸೆ ಬಿಟ್ಟೆವು. ಆರೇಳು ಗಂಟೆ ಫ್ಲೈಟು, ನಾಲ್ಕು ಜನರ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ) ಫೀಸು, ಅಪಾಯಿಂಟ್‌ಮೆಂಟಿಗೆ ಕಾಯುವುದು, ಇಷ್ಟೆಲ್ಲ ಆದ ಮೇಲೆ ಅಲ್ಲಿನ ಹೋಟೆಲ್ ರೇಟು. ಚೆನ್ನಾಗಿ ಸ್ಕೀ ಮಾಡುವವರಿಗೆ ಅಷ್ಟು ದೊಡ್ಡ ಬೆಟ್ಟ ಬೇಕು, ಸರಿ. ಮೊದಲ ಎರಡು ದಿನ ನಿಲ್ಲುವುದು, ಬೀಳುವುದು, ಏಳುವುದು ಇಷ್ಟೇ ಮಾಡುವ ನಮಗೆ ಆಲ್ಪ್ಸ್ ಯಾಕೆ? ನೂರು ಮೀಟರ್ ಇಳಿಜಾರು ಸಾಕು.

ಫೋನಿನಲ್ಲಿ ಅತ್ತೆ ಕೇಳಿದರು, "ಅಲ್ಲಮ್ಮಾ, ಹಿಮ ನೋಡೋಕೆ ಹೊರದೇಶ ಯಾಕೆ? ನಮ್ಮ ಗುಲ್ಮಾರ್ಗ್ ಇಲ್ವಾ?" ಒಳ್ಳೆ ಪ್ರಶ್ನೆ. ಗುಲ್ಮಾರ್ಗಿನ ಗೊಂಡೊಲಾ, ಅಂದರೆ ಕೇಬಲ್ ಕಾರು, ಅಫರ್‌ವತ್ ಬೆಟ್ಟದ ಮೇಲೆ 3,900 ಮೀಟರ್ ದಾಟಿ ಹೋಗುತ್ತದೆ, ಪುಡಿಹಿಮಕ್ಕೆ ಅದು ಹೆಸರುವಾಸಿ. ಆದರೆ ಶಾರ್ಜಾದಿಂದ ಶ್ರೀನಗರಕ್ಕೆ ದೆಹಲಿಯಲ್ಲೋ ಮುಂಬೈಯಲ್ಲೋ ಇಳಿದು ಹತ್ತಬೇಕು, ಮಂಜು ಕವಿದರೆ ಫ್ಲೈಟ್ ಕ್ಯಾನ್ಸಲ್, ಅಲ್ಲಿಂದ ಮುಂದೆ ಮತ್ತೆ ರಸ್ತೆ. ಬೆಂಗಳೂರಿನಲ್ಲಿ ಇದ್ದಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ. ನಮಗೆ ಮಾತ್ರ ಸ್ವದೇಶವೇ ದೂರ. ಅತ್ತೆಗೆ ಇದು ಸಮಾಧಾನ ಆಗಲಿಲ್ಲ, ಇರಲಿ.

ಜರಡಿ ಹಿಡಿದಿದ್ದು ವೀಸಾ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಪ್ರವಾಸ ಪ್ಲಾನ್ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟರ್ಕಿಯ ಎರ್ಜಿಯೆಸ್ ನನಗೆ ತುಂಬ ಹಿಡಿಸಿತ್ತು. ಕಯ್ಸೇರಿ ಊರಿನಿಂದ ಅರ್ಧ ಗಂಟೆ ದಾರಿ, ಅಗಲವಾದ ಇಳಿಜಾರುಗಳು. ಆದರೆ ಟರ್ಕಿಯ ಇ-ವೀಸಾ ನಮಗೆ ಸಿಗಬೇಕಾದರೆ ಅಮೆರಿಕ, ಬ್ರಿಟನ್ ಅಥವಾ ಷೆಂಗೆನ್ ಥರದ ಒಂದು ವೀಸಾ ಮೊದಲೇ ಕೈಯಲ್ಲಿರಬೇಕು. ನಮ್ಮ ಹತ್ತಿರ ಇರಲಿಲ್ಲ. ಬಲ್ಗೇರಿಯಾದ ಬಾನ್ಸ್ಕೊ ಯುರೋಪಿನಲ್ಲೇ ಅಗ್ಗ ಅಂತ ಹೆಸರು ಮಾಡಿದ್ದು, ಅದೂ 2025ರ ಜನವರಿಗೆ ಷೆಂಗೆನ್‌ಗೆ ಪೂರ್ತಿ ಸೇರಿಕೊಂಡಿತು, ಅಂದರೆ ಮತ್ತೆ ಅದೇ ವೀಸಾ. ಇರಾನಿನ ದಿಜಿನ್, ಲೆಬನಾನಿನ ಮ್ಜಾರ್ ಎರಡೂ ಭೂಪಟದಲ್ಲಿ ನಮಗೆ ಹತ್ತಿರ. ಮಕ್ಕಳನ್ನು ಕಟ್ಟಿಕೊಂಡು ಹೋಗುವ ಕಾಲ ಇದಲ್ಲ ಅಂತ ಅವನ್ನು ಪಕ್ಕಕ್ಕಿಟ್ಟೆ.

ಉಳಿದಿದ್ದು ಮೂರು ದೇಶ. ಅಜರ್‌ಬೈಜಾನ್, ಕಜಕಸ್ತಾನ್, ಜಾರ್ಜಿಯಾ.

ಅಜರ್‌ಬೈಜಾನಿನ ಶಾಹ್‌ದಾಗ್ 2012ರಲ್ಲಿ ಶುರುವಾದ ರೆಸಾರ್ಟ್. ಎಲ್ಲ ಹೊಸದು, ಎಲ್ಲ ಒಂದೇ ಕಡೆ. ಹಿಮ ಕಡಿಮೆ ಬಿದ್ದರೆ ಯಂತ್ರದಿಂದ ಹಿಮ ಮಾಡಿ ಹರಡುತ್ತಾರೆ. ಇ-ವೀಸಾ ಸುಲಭ. ಆದರೆ ರಾಜಧಾನಿ ಬಾಕುವಿನಿಂದ ಮೂರು ಗಂಟೆಗೂ ಜಾಸ್ತಿ ರಸ್ತೆ, ಅಲ್ಲಿ ಉಳಿಯಲು ಸಿಗುವುದು ಹೆಚ್ಚಾಗಿ ರೆಸಾರ್ಟಿನ ದೊಡ್ಡ ಹೋಟೆಲುಗಳೇ. ಸಣ್ಣ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಬೇಕಿದ್ದ ನಮಗೆ ಅದು ಕೂಡಿ ಬರಲಿಲ್ಲ.

ಕಜಕಸ್ತಾನದ ಶಿಂಬುಲಾಕ್ ಕೊನೆಯವರೆಗೂ ಪೈಪೋಟಿ ಕೊಟ್ಟಿತು. ಭಾರತೀಯರಿಗೆ 14 ದಿನದವರೆಗೆ ವೀಸಾನೇ ಬೇಡ. ಅಲ್ಮಾಟಿ ದೊಡ್ಡ ಊರು, ಅಲ್ಲೇ ಕಡಿಮೆ ಬಾಡಿಗೆಗೆ ಮನೆ ಹಿಡಿದು, ಸಿಟಿ ಬಸ್ಸಿನಲ್ಲಿ ಮೆಡೆಯು ತನಕ ಹೋಗಿ, ಅಲ್ಲಿಂದ ಗೊಂಡೊಲಾದಲ್ಲಿ ಮೇಲೆ ಹೋಗಬಹುದು. ಮೆಡೆಯುವಿನಲ್ಲಿ ಸ್ಕೇಟಿಂಗ್ ಮೈದಾನ ಬೇರೆ ಇದೆ, ಸುಮಾರು 1,690 ಮೀಟರ್ ಎತ್ತರದಲ್ಲಿ. ಶಿಂಬುಲಾಕಿನ ಬುಡವೇ 2,260 ಮೀಟರ್, ತುದಿ 3,200. ಭಾರತದಿಂದ ನೇರ ಹೊರಡುವವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ, ದೆಹಲಿಯಿಂದ ನೇರ ವಿಮಾನ ಇದೆ. ನಮ್ಮನ್ನು ತಡೆದಿದ್ದು ಎರಡು ವಿಷಯ. ಒಂದು ಚಳಿ, ಅದು ಮಧ್ಯ ಏಷ್ಯಾದ ಒಣ ಚಳಿ. ಇನ್ನೊಂದು, ಹೊಸಬರು ಕಲಿಯುವ ಜಾಗ ಅಲ್ಲಿ ಚಿಕ್ಕದು, ವಾರದ ಕೊನೆಯಲ್ಲಿ ಇಡೀ ಅಲ್ಮಾಟಿ ಅಲ್ಲೇ ಇರುತ್ತದೆ ಅಂತ ಹೋಗಿಬಂದವರು ಹೇಳಿದರು.

ಜಾರ್ಜಿಯಾ ಗೆದ್ದಿದ್ದು ನಮ್ಮ ರೆಸಿಡೆನ್ಸ್ ವೀಸಾದಿಂದ. ಯುಎಇಯಲ್ಲಿ ರೆಸಿಡೆನ್ಸ್ ಇರುವವರಿಗೆ ಅಲ್ಲಿ ಬೇರೆ ವೀಸಾ ಬೇಡ. ಇಲ್ಲಿ ಒಂದು ಮಾತು. ವಿಸಿಟ್ ವೀಸಾದಲ್ಲಿ ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಈ ಸವಲತ್ತು ಇಲ್ಲ, ಅವರು ಬೇರೆಯಾಗಿ ವೀಸಾ ಮಾಡಿಸಬೇಕು. ಇದು ಗೊತ್ತಿಲ್ಲದೆ ಎಲ್ಲರಿಗೂ ಟಿಕೆಟ್ ತೆಗೆದವರಿದ್ದಾರೆ.

ಜಾರ್ಜಿಯಾ ಅಂತ ತೀರ್ಮಾನ ಆದ ಮೇಲೂ ಗುಡೌರಿಯೋ ಬಕುರಿಯಾನಿಯೋ ಅಂತ ಇನ್ನೊಂದು ಸುತ್ತು ನಡೆಯಿತು. ಬಕುರಿಯಾನಿ ತಗ್ಗಿನಲ್ಲಿದೆ, ಸುಮಾರು 1,700 ಮೀಟರ್. ಸುತ್ತ ಪೈನ್ ಕಾಡು, ಮಕ್ಕಳಿಗೆ ಜಾರುಬಂಡಿ, ಮೆತ್ತನೆ ಇಳಿಜಾರು. 2023ರಲ್ಲಿ ಫ್ರೀಸ್ಟೈಲ್ ಮತ್ತು ಸ್ನೋಬೋರ್ಡ್ ವಿಶ್ವ ಚಾಂಪಿಯನ್‌ಶಿಪ್ ಅಲ್ಲೇ ನಡೆದಿದ್ದರಿಂದ ಬೆಟ್ಟ ಹತ್ತಿಸುವ ಲಿಫ್ಟುಗಳೂ ಚೆನ್ನಾಗಿವೆ. ಗುಡೌರಿ ಪೂರಾ ಬೋಳು ಬೆಟ್ಟ. ಊರೇ 2,200 ಮೀಟರ್ ಹತ್ತಿರ, ಮೇಲಿನ ಸಾಡ್ಝೆಲೆ ತುದಿ 3,279. ಮರ ಒಂದೂ ಇಲ್ಲ, ಎಲ್ಲಿ ನೋಡಿದರೂ ಬಯಲು. ರಾಜಧಾನಿ ಟ್ಬಿಲಿಸಿಯಿಂದ ಗುಡೌರಿ 120 ಕಿ.ಮೀ., ಎರಡು ಗಂಟೆ. ಬಕುರಿಯಾನಿ ಸುಮಾರು 180. ಮಗನಿಗೆ ಕಾರಿನಲ್ಲಿ ವಾಂತಿಯಾಗುತ್ತದೆ. ಆ ಅರವತ್ತು ಕಿಲೋಮೀಟರೇ ತೀರ್ಪು ಕೊಟ್ಟಿತು. ಜೊತೆಗೆ ಎತ್ತರ ಜಾಸ್ತಿ ಇದ್ದಷ್ಟೂ ಹಿಮದ ಖಾತ್ರಿ ಜಾಸ್ತಿ. ಹಿಮ ಇಲ್ಲದ ಸ್ಕೀ ರೆಸಾರ್ಟಿಗೆ ಹೋಗಿ ಕೂತರೆ ಅದಕ್ಕಿಂತ ದಂಡ ಇನ್ನೊಂದಿಲ್ಲ.

ಇನ್ನು ದುಡ್ಡು. ಟಿಕೆಟ್ ರೇಟು ನೋಡಿ "ಅಯ್ಯೋ ಇಷ್ಟೇನಾ" ಅಂತ ಹಿಗ್ಗಬೇಡಿ. ಕಡಿಮೆ ದರದ ವಿಮಾನಗಳಲ್ಲಿ ಲಗೇಜು ಬೇರೆ ಲೆಕ್ಕ, ಚಳಿ ಬಟ್ಟೆ ತುಂಬಿದ ಬ್ಯಾಗು ಹ್ಯಾಂಡ್ ಲಗೇಜಿಗೆ ಹಿಡಿಯುವುದಿಲ್ಲ. ಹೊಸ ವರ್ಷ, ಈದ್ ರಜೆಯಲ್ಲಿ ಅದೇ ಸೀಟಿಗೆ ಎರಡು ಪಟ್ಟು. ನಾವು ಫೆಬ್ರವರಿ ಆರಿಸಿ, ಮಕ್ಕಳಿಗೆ ಸ್ಕೂಲ್ ತಪ್ಪಿಸಿದೆವು. ಜನವರಿ ನಡುವಿನಿಂದ ಮಾರ್ಚ್ ಶುರುವಿನ ತನಕ ಅಲ್ಲಿ ಹಿಮ ಚೆನ್ನಾಗಿರುತ್ತದೆ. ಮಾರ್ಚ್ ಕೊನೆಗೆ ಹೋದರೆ ಬೆಳಿಗ್ಗೆ ಗಟ್ಟಿ ಮಂಜುಗಡ್ಡೆ, ಮಧ್ಯಾಹ್ನ ಕೆಸರಿನಂಥ ಹಿಮ. ಗುಡೌರಿಯ ಇಳಿಜಾರುಗಳು ದಕ್ಷಿಣಕ್ಕೆ ಮುಖ ಮಾಡಿವೆ, ಬಿಸಿಲು ನೇರ ಹೊಡೆಯುತ್ತದೆ.

ನಿಜವಾದ ಖರ್ಚು ಇಳಿದ ಮೇಲೆ. ಲಿಫ್ಟ್ ಪಾಸ್, ಸ್ಕೀ ಬಾಡಿಗೆ, ಬೂಟು, ಹೆಲ್ಮೆಟ್, ಪಾಠ ಹೇಳುವವರ ಫೀಸು, ಎಲ್ಲ ನಾಲ್ಕು ಜನಕ್ಕೆ ಲೆಕ್ಕ. ಆದರೂ ಆಲ್ಪ್ಸ್‌ನ ದೊಡ್ಡ ರೆಸಾರ್ಟುಗಳ ದಿನದ ಪಾಸಿಗೆ ಹೋಲಿಸಿದರೆ ಗುಡೌರಿಯ ಪಾಸು ಅರ್ಧಕ್ಕಿಂತ ಕಡಿಮೆ. ಅಲ್ಲಿನ ನಾಣ್ಯದ ಹೆಸರು ಲಾರಿ, ಒಂದು ಲಾರಿ ಅಂದರೆ ಸುಮಾರು 1.35 ದಿರ್ಹಂ. ನಾನು ಹೋಟೆಲಿನಲ್ಲಿ ಉಳಿಸಿದ್ದನ್ನು ಪಾಠಕ್ಕೆ ಹಾಕಿದೆ. ನ್ಯೂ ಗುಡೌರಿಯಲ್ಲಿ ಗೊಂಡೊಲಾ ಹತ್ತಿರದ ಒಂದು ಸ್ಟುಡಿಯೋ, ಸೋಫಾ ಬಿಚ್ಚಿದರೆ ಹಾಸಿಗೆ, ಮೂಲೆಯಲ್ಲಿ ಒಲೆ. ಸ್ವಿಮ್ಮಿಂಗ್ ಪೂಲ್ ಇರುವ ಹೋಟೆಲ್ ತೋರಿಸಿ ಮಗಳು ಮುಖ ಊದಿಸಿಕೊಂಡಳು. ಸಂಜೆ ಐದಕ್ಕೆ ಮೈಯೆಲ್ಲ ನೋವು ತುಂಬಿಕೊಂಡು ಬರುವವರಿಗೆ ಪೂಲ್ ಯಾಕೆ?

ಬುಕ್ ಮಾಡುವ ಮೊದಲು ಮನೆಯ ಮಾಲೀಕರಿಗೆ ನಾನು ಕೇಳಿದ ಪ್ರಶ್ನೆಗಳು ಅವರಿಗೆ ವಿಚಿತ್ರ ಅನ್ನಿಸಿರಬೇಕು. ಹೀಟರ್ ಗ್ಯಾಸಿನದೋ ಕರೆಂಟಿನದೋ? ಜನರೇಟರ್ ಎಲ್ಲಿಟ್ಟಿದ್ದೀರಿ? ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ? ಕಾರಣ ಇತ್ತು. 2024ರ ಡಿಸೆಂಬರಿನಲ್ಲಿ ಇದೇ ಗುಡೌರಿಯಲ್ಲಿ, ಒಂದು ರೆಸ್ಟೋರೆಂಟಿನ ಮೇಲೆ ಮಲಗಿದ್ದ ಹತ್ತಕ್ಕೂ ಹೆಚ್ಚು ಮಂದಿ ಭಾರತೀಯ ಕೆಲಸಗಾರರು ಕಾರ್ಬನ್ ಮೊನಾಕ್ಸೈಡ್ ವಿಷಕ್ಕೆ ಸತ್ತುಹೋದರು. ಕರೆಂಟ್ ಹೋದಾಗ ಮುಚ್ಚಿದ ಜಾಗದಲ್ಲಿ ಜನರೇಟರ್ ಹಾಕಿದ್ದರು ಅಂತ ಸುದ್ದಿಯಲ್ಲಿ ಬಂದಿತ್ತು. ಅತ್ತೆ ಆ ಸುದ್ದಿ ನೋಡಿದ್ದರು. ಗುಡೌರಿ ಅಂದ ಕೂಡಲೇ "ಅದೇ ಊರಾ?" ಅಂದರು. 2018ರ ಮಾರ್ಚಿನಲ್ಲಿ ಅಲ್ಲಿ ತಂತಿಗೆ ಕುರ್ಚಿ ತೂಗುಹಾಕಿದ ಒಂದು ಚೇರ್‌ಲಿಫ್ಟ್ ಹಿಂದಕ್ಕೆ ಓಡಿ ಜನ ಹಾರಿಬಿದ್ದ ವಿಡಿಯೋವನ್ನು ಪುಣ್ಯಕ್ಕೆ ಅವರು ನೋಡಿಲ್ಲ. ನಾನು ನೋಡಿದ್ದೆ. ಹೆದರಿ ಮನೆಯಲ್ಲಿ ಕೂರಬೇಕು ಅಂತಲ್ಲ. ಕೇಳುವ ಪ್ರಶ್ನೆ ಕೇಳಿಯೇ ಹೊರಡಬೇಕು, ಅಲ್ವಾ? ಮೂರು ಮಾಲೀಕರು ಉತ್ತರವೇ ಕೊಡಲಿಲ್ಲ. ನಾಲ್ಕನೆಯವರು ಅಲಾರಂನ ಫೋಟೊ ತೆಗೆದು ಕಳಿಸಿದರು. ಅವರದ್ದೇ ಬುಕ್ ಆಯಿತು.

ಇನ್ಶೂರೆನ್ಸ್ ಬಗ್ಗೆಯೂ ಹೇಳಿಬಿಡುತ್ತೇನೆ. 2026ರ ಜನವರಿಯಿಂದ ಜಾರ್ಜಿಯಾಕ್ಕೆ ಬರುವ ಪ್ರವಾಸಿಗರಿಗೆ ಆರೋಗ್ಯ ಮತ್ತು ಅಪಘಾತ ವಿಮೆ ಕಡ್ಡಾಯ, ಕನಿಷ್ಠ 30,000 ಲಾರಿಯದ್ದು. ಸಾಮಾನ್ಯ ಟ್ರಾವೆಲ್ ಪಾಲಿಸಿ ತೆಗೆದುಕೊಂಡರೆ ಆ ನಿಯಮ ಮುಗಿಯಬಹುದು, ಆದರೆ ತುಂಬ ಪಾಲಿಸಿಗಳಲ್ಲಿ ಸ್ಕೀಯಿಂಗ್ ಸೇರಿರುವುದಿಲ್ಲ. ವಿಂಟರ್ ಸ್ಪೋರ್ಟ್ಸ್ ಅಂತ ಬೇರೆ ಸೇರಿಸಬೇಕು. ಸೇರಿಸಿದರೂ ಗುರುತು ಹಾಕಿದ ಹಾದಿ ಬಿಟ್ಟು ಹೊರಗೆ ಹೋಗಿ ಬಿದ್ದರೆ ಅನೇಕ ಕಡೆ ಕವರ್ ಇಲ್ಲ. ಸಣ್ಣ ಅಕ್ಷರ ಓದಿ.

ಹೊರಡುವ ಮೊದಲು ಸ್ಕೀ ದುಬೈನಲ್ಲಿ ಮೊದಲ ಪಾಠ ಮುಗಿಸಿಕೊಂಡೆವು. ಮಾಲ್ ಆಫ್ ದಿ ಎಮಿರೇಟ್ಸ್ ಒಳಗಿನ ಈ ಗುಡ್ಡ 2005ರಿಂದ ಇದೆ, ಅದರ ಅತಿ ಉದ್ದದ ಇಳಿಜಾರು 400 ಮೀಟರ್. ಹೊರಗೆ ಜನ ಬಿರಿಯಾನಿ ತಿನ್ನುತ್ತಾ ಗಾಜಿನಿಂದ ನಾವು ಬೀಳುವುದನ್ನು ನೋಡುತ್ತಿದ್ದರು. ನಾಚಿಕೆ ಬಿಟ್ಟರೆ ಇದರಷ್ಟು ಲಾಭದ ಕೆಲಸ ಇನ್ನೊಂದಿಲ್ಲ. ಬೂಟು ಹಾಕಿ ನಡೆಯುವುದು, ಬಿದ್ದವರು ಏಳುವುದು ಇಲ್ಲೇ ಕಲಿತಿದ್ದರಿಂದ ಗುಡೌರಿಯಲ್ಲಿ ಪೂರ್ತಿ ಒಂದು ದಿನ ಉಳಿಯಿತು.

ಟ್ಬಿಲಿಸಿ ಇಮಿಗ್ರೇಷನ್ ಕೌಂಟರಿನಲ್ಲಿ ಭಾರತದ ಪಾಸ್‌ಪೋರ್ಟ್ ಕಂಡರೆ ಸ್ವಲ್ಪ ಹೆಚ್ಚೇ ಕೇಳುತ್ತಾರೆ. ನನ್ನ ಫೈಲಿನಲ್ಲಿ ಎಲ್ಲವೂ ಪ್ರಿಂಟ್ ಆಗಿತ್ತು. ಎಮಿರೇಟ್ಸ್ ಐಡಿ, ರೆಸಿಡೆನ್ಸಿ ಕಾಗದ, ವಾಪಸ್ ಟಿಕೆಟ್, ಮನೆ ಬುಕಿಂಗ್, ವಿಮೆ. ಮೊಬೈಲಿನಲ್ಲಿ ತೋರಿಸುತ್ತೇನೆ ಅಂತ ನಿಂತಿದ್ದ ನಮ್ಮ ಮುಂದಿನ ಹುಡುಗನನ್ನು ಪಕ್ಕಕ್ಕೆ ಕೂರಿಸಿದ್ದರು. ನಮ್ಮ ಕಾಗದಗಳನ್ನು ಕೌಂಟರಿನಲ್ಲಿದ್ದ ಹೆಂಗಸು ಒಂದೊಂದೇ ತಿರುವಿ, ಮಗನನ್ನು ನೋಡಿ "ಸ್ಕೀ?" ಅಂದರು. ಅವನು ತಲೆಯಾಡಿಸಿದ. ಸೀಲ್ ಬಿತ್ತು.

ಕಾರು ಬಾಡಿಗೆಗೆ ತೆಗೆದುಕೊಂಡು ನಾನೇ ಓಡಿಸುತ್ತೇನೆ ಅಂತ ನಮ್ಮನೆಯವರು ಹೊರಟಿದ್ದರು, ನಾನು ಒಪ್ಪಲಿಲ್ಲ. ಅದು ಜಾರ್ಜಿಯನ್ ಮಿಲಿಟರಿ ಹೈವೇ. ರಷ್ಯಾ ಗಡಿಗೆ ಹೋಗುವ ಲಾರಿಗಳೆಲ್ಲ ಅದೇ ದಾರಿ. ಅನಾನುರಿ ಕೋಟೆ, ಝಿನ್ವಾಲಿ ಅಣೆಕಟ್ಟಿನ ನೀರು ದಾಟಿ ಮ್ಲೆಟಾ ಬಂದ ಮೇಲೆ ತಿರುವುಗಳು ಶುರು. ನಮ್ಮ ಆಗುಂಬೆ ಘಾಟಿ ಗೊತ್ತಿರುವವರಿಗೂ ಹಿಮ ಬಿದ್ದ ಘಾಟಿ ಬೇರೆಯೇ. ಕೊನೆಗೆ ನಾವು ಗೊತ್ತು ಮಾಡಿದ ಅಲ್ಲಿಯವನೇ ಆದ ಡ್ರೈವರೋ, ಒಂದು ಕೈಯಲ್ಲಿ ಫೋನ್ ಹಿಡಿದು ಲಾರಿ ಓವರ್‌ಟೇಕ್ ಮಾಡುತ್ತಿದ್ದ. ಅದನ್ನೂ ಹೇಳಬೇಕಲ್ಲ. ಮಗನಿಗೆ ಒಂದೇ ಸಲ ವಾಂತಿ, ಅದೂ ಗುಡೌರಿ ಬೋರ್ಡಿನ ಕೆಳಗೆ.

ಬಾಡಿಗೆ ಅಂಗಡಿಯಲ್ಲಿ ನಾವು ಕಳೆದ ಒಂದು ಗಂಟೆಯನ್ನು ಯಾರೂ ಅವಸರದಲ್ಲಿ ಮುಗಿಸಬಾರದು. ಅಂಗಡಿಯ ಹುಡುಗ ಮೊದಲು ಪ್ರತಿಯೊಬ್ಬರ ತೂಕ, ಎತ್ತರ ಬರೆದುಕೊಂಡ. ನಾನು ತೂಕ ಎರಡು ಕಿಲೋ ಕಡಿಮೆ ಹೇಳಲು ಹೊರಟವಳು, ಯಾಕೆ ಕೇಳುತ್ತಾನೆ ಅಂತ ಗೊತ್ತಾದ ಮೇಲೆ ಸತ್ಯ ಹೇಳಿದೆ. ಬೂಟು ಸ್ಕೀಗೆ ಕಚ್ಚಿಕೊಳ್ಳುವ ಕ್ಲಿಪ್ಪನ್ನು ಆ ತೂಕಕ್ಕೆ ತಕ್ಕಂತೆ ಸ್ಕ್ರೂಡ್ರೈವರಿನಿಂದ ಬಿಗಿ ಮಾಡುತ್ತಾರೆ. ಬಿದ್ದಾಗ ಅದು ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳಬೇಕು, ಇಲ್ಲವಾದರೆ ತಿರುಚಿಕೊಳ್ಳುವುದು ಮೊಣಕಾಲು. ಬೂಟಿನ ಅಳತೆ ಸೆಂಟಿಮೀಟರಿನಲ್ಲಿ, ಪಾದದ ಉದ್ದ ಎಷ್ಟೋ ಅಷ್ಟು. ಮಗಳದ್ದು 23.5. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದಕ್ಕೆ ಸರಿಯಬೇಕು. ನಮ್ಮನೆಯವರು ಚಳಿ ಅಂತ ಎರಡು ಜೊತೆ ಸಾಕ್ಸ್ ಹಾಕಿದ್ದರು. ಹುಡುಗ ಕೂತು ತಾನೇ ಒಂದು ಜೊತೆ ಎಳೆದು ತೆಗೆದ. ಒಂದೇ ಜೊತೆ, ಉದ್ದದ್ದು, ಹತ್ತಿಯದಲ್ಲದ್ದು. ಎರಡಾದರೆ ಮಡಿಕೆಯಾಗಿ ಒತ್ತುತ್ತದೆ, ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಇಳಿಜಾರಿನ ಬುಡದಲ್ಲೇ "ಲೆಸನ್, ಲೆಸನ್" ಅಂತ ಕೂಗುವವರಿರುತ್ತಾರೆ. ರೇಟು ಚೌಕಾಶಿಗೆ ಬಗ್ಗುತ್ತದೆ. ನಾವು ಸ್ಕೀ ಸ್ಕೂಲಿನ ಮೂಲಕವೇ ಒಬ್ಬರನ್ನು ಗೊತ್ತು ಮಾಡಿದ್ದೆವು. ಮಧ್ಯವಯಸ್ಸಿನ ಹೆಂಗಸು, ಇಂಗ್ಲಿಷು ಸ್ವಲ್ಪ, ಧ್ವನಿ ಜೋರು. ಮೊದಲು ಒಂದೇ ಕಾಲಿಗೆ ಸ್ಕೀ ಹಾಕಿಸಿ ಸಮತಟ್ಟಿನಲ್ಲಿ ಸುತ್ತು ಹೊಡೆಸಿದರು. ಆಮೇಲೆ ಎರಡೂ ಹಾಕಿ ಮುಂದಿನ ತುದಿ ಹತ್ತಿರ ತಂದು ಹಿಂದಿನದನ್ನು ಅಗಲಿಸುವುದು. ಅದಕ್ಕೆ ಎಲ್ಲ ಕಡೆಯೂ ಪಿಜ್ಜಾ ಅಂತಲೇ ಹೆಸರು. ವೇಗ ಹೆಚ್ಚಾದರೆ "ಪಿಜ್ಜಾ! ಬಿಗ್ ಪಿಜ್ಜಾ!" ಅಂತ ಕೂಗುತ್ತಿದ್ದರು. ಮಗ ಅರ್ಧ ದಿನದಲ್ಲಿ ಹಿಡಿದುಕೊಂಡ. ಏಳು ವರ್ಷದವರಿಗೆ ಬೀಳುವ ಎತ್ತರವೇ ಕಡಿಮೆ. ನಾನು ಬಿದ್ದು ಏಳುವಾಗಲೆಲ್ಲ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಡುವುದನ್ನು ಮರೆತು ಮತ್ತೆ ಜಾರುತ್ತಿದ್ದೆ. ಆಕೆ ಬಂದು ತನ್ನ ಬೂಟಿನಿಂದ ನನ್ನ ಸ್ಕೀ ತಳ್ಳಿ ಅಡ್ಡ ಮಾಡಿ, ಏನೂ ಹೇಳದೆ ಹೋಗುತ್ತಿದ್ದರು.

ಮೂರನೇ ದಿನ ಚೇರ್‌ಲಿಫ್ಟ್. ಹತ್ತುವುದು ಸುಲಭ, ಇಳಿಯುವಾಗ ಜೀವ ಬಾಯಿಗೆ ಬರುತ್ತದೆ. ಕುರ್ಚಿ ನಿಲ್ಲುವುದಿಲ್ಲ, ಸ್ಕೀ ತುದಿ ಮೇಲೆತ್ತಿ ಎದ್ದು ಜಾರಬೇಕು. ನಾವು ನಾಲ್ವರೂ ಒಂದೇ ಕುರ್ಚಿಯಿಂದ ನಾಲ್ಕು ದಿಕ್ಕಿಗೆ ಹೋದೆವು.

ಬೋಳು ಬೆಟ್ಟದ ಇನ್ನೊಂದು ಮುಖ ಅವತ್ತೇ ಕಂಡಿತು. ಹತ್ತೇ ನಿಮಿಷದಲ್ಲಿ ಮೋಡ ಬಂದು ಕೂತಿತು. ನೆಲ ಬಿಳಿ, ಆಕಾಶ ಬಿಳಿ. ನಿಂತಿದ್ದೇನೋ ಜಾರುತ್ತಿದ್ದೇನೋ ಗೊತ್ತಾಗುತ್ತಿರಲಿಲ್ಲ. ಹಾದಿಯ ಅಂಚಿಗೆ ನೆಟ್ಟ ಕಂಬಗಳು ಒಂದೊಂದೇ ಕಾಣುತ್ತಿದ್ದವು, ಅಷ್ಟೇ. ಮರಗಳಿದ್ದರೆ ಕಣ್ಣಿಗೆ ಆಧಾರ ಇರುತ್ತದೆ, ಬಕುರಿಯಾನಿಯಲ್ಲಿ ಅದು ಸಿಗುತ್ತದೆ. ಟೀಚರಮ್ಮ ನಮ್ಮನ್ನು ಸಾಲಾಗಿ ಕಂಬದ ಪಕ್ಕ ನಿಲ್ಲಿಸಿ, ಗೊಂಡೊಲಾ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಕೂರಿಸಿ ಕೆಳಗೆ ಕಳಿಸಿದರು. ಗೊಂಡೊಲಾದಲ್ಲಿ ಇಳಿಯುವುದು ಅವಮಾನ ಅಲ್ಲ. ಹೊಸಬರು ಪಾಸು ತೆಗೆಯುವಾಗ ಇದನ್ನು ಕೇಳಿಟ್ಟುಕೊಳ್ಳಿ, ಬೆಟ್ಟ ಹತ್ತಿದವರು ಸ್ಕೀ ಮಾಡಿಯೇ ಇಳಿಯಬೇಕೆಂದಿಲ್ಲ.

ಊಟಕ್ಕೆ ತೊಂದರೆ ಆಗಲಿಲ್ಲ. ನಾವು ಮೊಟ್ಟೆಯನ್ನೂ ತಿನ್ನದವರು. ಚೀಸ್ ತುಂಬಿದ ಖಾಚಾಪುರಿ, ಬೇಯಿಸಿದ ಕಾಳು ತುಂಬಿದ ಲೋಬಿಯಾನಿ ಎಲ್ಲ ಕಡೆ ಸಿಗುತ್ತವೆ. ಆದರೆ ರಾಚಾ ಕಡೆಯ ಲೋಬಿಯಾನಿಯಲ್ಲಿ ಹಂದಿ ಮಾಂಸ ಹಾಕುತ್ತಾರೆ, ಖಾಚಾಪುರಿಯಲ್ಲೂ ಕೆಲವಕ್ಕೆ ಮೇಲೆ ಮೊಟ್ಟೆ ಒಡೆದು ಹಾಕುತ್ತಾರೆ, ಕೇಳಿ ತೆಗೆದುಕೊಳ್ಳಬೇಕು. ಬದನೆಕಾಯಿಗೆ ಅಕ್ರೋಟ್ ಅರೆದು ತುಂಬಿದ ಬದ್ರಿಜಾನಿ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಬೆಟ್ಟದ ಮೇಲಿನ ಕೆಫೆಗಳಲ್ಲಿ ರೇಟು ಜಾಸ್ತಿ, ಹಾಗಾಗಿ ಮಧ್ಯಾಹ್ನಕ್ಕೆ ಜೇಬಿನಲ್ಲಿ ಚಪಾತಿ ಸುರುಳಿ. ಬೆಳಿಗ್ಗೆ ಅವಲಕ್ಕಿ ಒಗ್ಗರಣೆ. ಸನ್‌ಸ್ಕ್ರೀನ್ ಮಾತ್ರ ಸಾಲಲಿಲ್ಲ. ಮೂರು ಸಾವಿರ ಮೀಟರಿನ ಬಿಸಿಲಿಗೆ ನಮ್ಮನೆಯವರ ಮುಖ ಗಾಗಲ್ಸ್ ಆಕಾರ ಬಿಟ್ಟು ಉಳಿದಿದ್ದೆಲ್ಲ ಕರ್ರಗಾಯಿತು.

ವಾಪಸ್ ಫ್ಲೈಟಿಗೆ ಒಂದು ದಿನ ಮೊದಲೇ ಟ್ಬಿಲಿಸಿಗೆ ಇಳಿದೆವು. ಹೆಚ್ಚು ಹಿಮ ಬಿದ್ದರೆ, ಹಿಮಕುಸಿತದ ಭಯ ಇದ್ದರೆ ಆ ರಸ್ತೆ ಮುಚ್ಚುತ್ತಾರೆ, ಯಾವಾಗ ತೆಗೆಯುತ್ತಾರೆ ಅಂತ ಹೇಳುವುದಿಲ್ಲ. ಈ ತೊಂದರೆಗೇ ಪರ್ವತದ ಕೆಳಗೆ ಒಂಬತ್ತು ಕಿಲೋಮೀಟರಿನ ಸುರಂಗ ಕೊರೆದಿದ್ದಾರೆ. ಅದು ಗಡಿ ಕಡೆ ಹೋಗುವ ವಾಹನಗಳಿಗೆ, ಗುಡೌರಿಗೆ ಹೋಗುವ ನಮಗಲ್ಲ. ಆ ದಿನದ ಬಾಡಿಗೆ ದಂಡವಲ್ಲ, ವಿಮೆ ಅಂತ ಲೆಕ್ಕ ಹಿಡಿಯಿರಿ.

ಸಿಕ್ಕ ಆ ದಿನವನ್ನು ಅಬಾನೊತುಬಾನಿಯಲ್ಲಿ ಕಳೆದೆವು. ಹಳೇ ಊರಿನಲ್ಲಿ ಇಟ್ಟಿಗೆ ಗುಮ್ಮಟಗಳ ಕೆಳಗೆ ಗಂಧಕದ ಬಿಸಿನೀರಿನ ಸ್ನಾನದ ಮನೆಗಳಿವೆ, ಗಂಟೆ ಲೆಕ್ಕದಲ್ಲಿ ಕೋಣೆ ಬಾಡಿಗೆ. ದುಡ್ಡು ಸ್ವಲ್ಪ ಸೇರಿಸಿದರೆ ಮೈ ತಿಕ್ಕುವವರು ಬರುತ್ತಾರೆ. ನನ್ನ ಪಾಲಿಗೆ ಬಂದ ಹೆಂಗಸು ಒರಟು ಕೈಗವಸು ಹಾಕಿಕೊಂಡು, ನಮ್ಮಜ್ಜಿ ಎಣ್ಣೆ ಸ್ನಾನಕ್ಕೆ ಸೀಗೆಕಾಯಿ ಹಚ್ಚಿ ತಿಕ್ಕುತ್ತಿದ್ದ ಹಾಗೇ, ಅಳುವವರೆಗೂ ತಿಕ್ಕಿದರು. ತೊಡೆಯ ನೋವು ಅರ್ಧ ಅಲ್ಲೇ ಹೋಯಿತು. ಮಗ ನೀರಿನಿಂದ ಏಳಲೇ ಒಲ್ಲ. ಮಗಳು ಮಾತ್ರ ಕೊಳೆತ ಮೊಟ್ಟೆಯ ಆ ವಾಸನೆಗೆ ಬಾಗಿಲಿನಿಂದಲೇ ತಿರುಗಿ, ಅಪ್ಪನನ್ನು ಎಳೆದುಕೊಂಡು ಹೋಗಿ ಚುರ್ಚ್‌ಖೇಲಾ ಕೊಡಿಸಿಕೊಂಡಳು. ದಾರಕ್ಕೆ ಪೋಣಿಸಿದ ಅಕ್ರೋಟನ್ನು ದ್ರಾಕ್ಷಿ ರಸದಲ್ಲಿ ಅದ್ದಿ ಒಣಗಿಸಿದ್ದು. ದಾರ ಎಳೆದು ತಿನ್ನಬೇಕು ಅಂತ ಯಾರೂ ಹೇಳಿರಲಿಲ್ಲ, ಅವಳು ಒಂದಷ್ಟು ದಾರವನ್ನೂ ತಿಂದುಬಿಟ್ಟಿದ್ದಳು.